ಸುರತ್ಕಲ್‌ನಲ್ಲಿ ಕರ್ನಾಟಕದ ಅರ್ಧ ಪಾಲು ಯಾರಿಗೆ ಸಲ್ಲುತ್ತಿದೆ?

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಪ್ರವೇಶದ ಚರ್ಚೆ ಪ್ರತಿ ಬೇಸಿಗೆಯಲ್ಲೂ ಸಿಇಟಿಯ ಸುತ್ತಲೇ ನಡೆಯುತ್ತದೆ. ಸೀಟು ಹಂಚಿಕೆಯ ವಿಳಂಬ, ಖಾಸಗಿ ಕಾಲೇಜುಗಳ ಶುಲ್ಕ, ಕಂಪ್ಯೂಟರ್ ಸೈನ್ಸ್ ಸೀಟಿಗಾಗಿ ನಡೆಯುವ ಪೈಪೋಟಿ ಇವೆಲ್ಲ ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. ರಾಜ್ಯದ ಅತ್ಯಂತ ಪ್ರತಿಷ್ಠಿತ ತಾಂತ್ರಿಕ ವಿದ್ಯಾಸಂಸ್ಥೆಗಳಲ್ಲಿ ಒಂದಾದ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ, ಅಂದರೆ ಎನ್‌ಐಟಿಕೆಯ, ಪ್ರವೇಶ ಮಾತ್ರ ಇದೇ ದಿನಗಳಲ್ಲಿ ಬೇರೊಂದು ವ್ಯವಸ್ಥೆಯ ಮೂಲಕ, ಹೆಚ್ಚಿನ ಸಾರ್ವಜನಿಕ ಚರ್ಚೆಯಿಲ್ಲದೆ ಮುಗಿದುಹೋಗುತ್ತದೆ. ಅಲ್ಲಿನ ಬಿ.ಟೆಕ್ ಸೀಟುಗಳಲ್ಲಿ ಅರ್ಧದಷ್ಟು ಕರ್ನಾಟಕಕ್ಕೆ ಮೀಸಲು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿದೆ. ಆದರೆ ಆ ಅರ್ಧ ಪಾಲು ಕರ್ನಾಟಕದ ಯಾವ ಮಕ್ಕಳಿಗೆ ಸಲ್ಲುತ್ತಿದೆ, ಯಾರನ್ನು ನಿಯಮವು ‘ಕರ್ನಾಟಕದವರು’ ಎಂದು ಪರಿಗಣಿಸುತ್ತದೆ ಎಂಬುದನ್ನು ಯಾರೂ ಗಂಭೀರವಾಗಿ ಕೇಳುತ್ತಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಸಂಸ್ಥೆ ಹುಟ್ಟಿದ ಬಗೆಯನ್ನೂ ಅದು ಬದಲಾದ ಬಗೆಯನ್ನೂ ಮೊದಲು ತಿಳಿದುಕೊಳ್ಳಬೇಕಾಗುತ್ತದೆ.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಶಾಲೆ, ಬ್ಯಾಂಕು, ಮುದ್ರಣ, ಹಂಚಿನ ಕಾರ್ಖಾನೆ ಇವುಗಳಲ್ಲಿ ಮುಂದಿದ್ದ ಈ ಜಿಲ್ಲೆಗೆ ಉನ್ನತ ತಾಂತ್ರಿಕ ಶಿಕ್ಷಣ ಮಾತ್ರ ದೂರದ ಮಾತಾಗಿತ್ತು. ಹಳೆಯ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲೇ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಖಾಸಗಿ ಕಾಲೇಜುಗಳೂ ಎದ್ದಿದ್ದವು. ಕರಾವಳಿಯಲ್ಲಿ 1957ರಲ್ಲಿ ಮಣಿಪಾಲದ ಕಾಲೇಜು ಬಂದದ್ದು ಮೊದಲ ಹೆಜ್ಜೆ. ಇಂಥ ಸಂದರ್ಭದಲ್ಲಿ ಕೇಂದ್ರ ಸರ್ಕಾರ ಎರಡನೆಯ ಪಂಚವಾರ್ಷಿಕ ಯೋಜನೆಯಡಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳ ಯೋಜನೆಯನ್ನು ರೂಪಿಸಿತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರಗಳನ್ನು ಕಟ್ಟಲು ಹೊರಟಿದ್ದ ದೇಶಕ್ಕೆ ಆಗಿನ ಬೆರಳೆಣಿಕೆಯ ಐಐಟಿಗಳು ಸಾಲುತ್ತಿರಲಿಲ್ಲ. ದೇಶದ ನಾಲ್ಕು ಭಾಗಗಳಿಗೆ ಎರಡೆರಡರಂತೆ ಮೊದಲು ಎಂಟು ಕಾಲೇಜುಗಳನ್ನು ಯೋಜಿಸಿದಾಗ ದಕ್ಷಿಣದ ಪಾಲಿಗೆ ಬಂದವು ವಾರಂಗಲ್ ಮತ್ತು ಸುರತ್ಕಲ್. ವಾರಂಗಲ್ ಕಾಲೇಜಿಗೆ 1959ರಲ್ಲಿ ಶಂಕುಸ್ಥಾಪನೆಯಾಯಿತು. ಸುರತ್ಕಲ್‌ನ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) 1960ರ ಆಗಸ್ಟ್‌ನಲ್ಲಿ ಸ್ಥಾಪನೆಯಾಯಿತು. ಮುಂದೆ ಇಂಥ ಕಾಲೇಜುಗಳ ಸಂಖ್ಯೆ ಹದಿನೇಳಕ್ಕೆ ಏರಿತು.

ರಾಜಧಾನಿಗೆ ಹತ್ತಿರವಲ್ಲದ, ರೈಲು ಸಂಪರ್ಕವೂ ಆಗ ಸರಿಯಾಗಿ ಇಲ್ಲದಿದ್ದ ಕಡಲ ತೀರದ ಒಂದು ಊರಿಗೆ ಈ ಕಾಲೇಜು ಬಂದದ್ದು ತಾನಾಗಿಯೇ ಅಲ್ಲ. ಸಂಸದರಾಗಿದ್ದ ಯು. ಶ್ರೀನಿವಾಸ ಮಲ್ಯರು ದೆಹಲಿಯಲ್ಲಿ ಹಿಡಿದ ಹಟ, ಮಂಗಳೂರಿನ ಉದ್ಯಮಿ ವಿ. ಎಸ್. ಕುಡ್ವರಂಥ ಸ್ಥಳೀಯರು ನೀಡಿದ ಬೆಂಬಲ ಇವೆರಡೂ ಸೇರಿ ಅದನ್ನು ಸಾಧ್ಯವಾಗಿಸಿದವು. ಪಣಂಬೂರಿನ ನವಮಂಗಳೂರು ಬಂದರು, ಕರಾವಳಿಯ ರಾಷ್ಟ್ರೀಯ ಹೆದ್ದಾರಿ, ಬಜ್ಪೆಯ ವಿಮಾನ ನಿಲ್ದಾಣ ಮತ್ತು ಈ ಕಾಲೇಜು ಮಲ್ಯರ ಕಣ್ಣಿಗೆ ಬೇರೆ ಬೇರೆ ಯೋಜನೆಗಳಾಗಿರಲಿಲ್ಲ. ಒಂದು ಹಿಂದುಳಿದ ಬಂದರು ಪ್ರದೇಶವನ್ನು ಕೈಗಾರಿಕಾ ಪ್ರದೇಶವನ್ನಾಗಿ ಕಟ್ಟಲು ಬೇಕಾದ ಒಂದೇ ಕಾರ್ಯಕ್ರಮದ ಅಂಗಗಳಾಗಿದ್ದವು. ಮಲ್ಯರು 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಲೇಜಿನ ಆವರಣಕ್ಕೆ ಶ್ರೀನಿವಾಸನಗರ ಎಂಬ ಹೆಸರು ಬಂದದ್ದು ಅವರಿಂದಲೇ. ಸುಮಾರು 295 ಎಕರೆಯ ಆ ಆವರಣವನ್ನು ಇಂದಿನ ರಾಷ್ಟ್ರೀಯ ಹೆದ್ದಾರಿ 66 ಎರಡಾಗಿ ಸೀಳಿಕೊಂಡು ಹೋಗುತ್ತದೆ. ಪಶ್ಚಿಮದ ಭಾಗ ಅರಬ್ಬಿ ಸಮುದ್ರದ ದಂಡೆಯವರೆಗೆ ಹರಡಿದೆ.

ಆರಂಭದಲ್ಲಿ ಇದ್ದದ್ದು ಸಿವಿಲ್, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಬ ಮೂರೇ ವಿಭಾಗಗಳ ಬಿ.ಇ. ಪದವಿ. ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂತು. ಅನಂತರ ಸೇರಿಕೊಂಡ ವಿಭಾಗಗಳನ್ನು ನೋಡಿದರೆ ಅವು ಸುತ್ತಲಿನ ನೆಲಕ್ಕೆ ಎಷ್ಟು ಹತ್ತಿರವಾಗಿದ್ದವು ಎಂಬುದು ತಿಳಿಯುತ್ತದೆ. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯ ಮೂಲಕ ಪಣಂಬೂರಿಗೆ ಇಳಿದು ಬರುತ್ತಿದ್ದ ಕಾಲದಲ್ಲಿ ಲೋಹಶಾಸ್ತ್ರ ಮತ್ತು ಗಣಿ ಎಂಜಿನಿಯರಿಂಗ್‌ಗೆ ಇಲ್ಲಿ ಸಹಜವಾದ ನೆಲೆಯಿತ್ತು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಮತ್ತು ಆಮೇಲೆ ಬಂದ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಕೆಮಿಕಲ್ ಎಂಜಿನಿಯರಿಂಗ್‌ನ ಮಕ್ಕಳಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದ್ದವು. ಬಂದರು, ಅಲೆತಡೆ ಗೋಡೆ, ಕಡಲ್ಕೊರೆತ ಇವೆಲ್ಲ ಕಣ್ಣೆದುರಿಗೇ ಇದ್ದುದರಿಂದ ಸಾಗರ ನಿರ್ಮಾಣಗಳನ್ನು ಕುರಿತ ಸ್ನಾತಕೋತ್ತರ ಪದವಿ ಇಲ್ಲಿ ಬೇರೂರಿತು. ಇಂದು ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ಎಂದು ಕರೆಯಲ್ಪಡುವ, ಹಿಂದೆ ಅನ್ವಯಿಕ ಯಂತ್ರಶಾಸ್ತ್ರ ಮತ್ತು ಜಲಶಾಸ್ತ್ರ ಎಂದಿದ್ದ ವಿಭಾಗ ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ಅತ್ಯಂತ ಮೌಲ್ಯದ ವಿಭಾಗ. ಕಂಪ್ಯೂಟರ್ ಸೈನ್ಸನ್ನು ರಾಜ್ಯದ ಯಾವ ಮೂಲೆಯಲ್ಲಿ ಬೇಕಾದರೂ ಕಲಿಸಬಹುದು. ಅಲೆಗಳ ಹೊಡೆತಕ್ಕೆ ಕಲ್ಲಿನ ತಡೆಗೋಡೆ ಹೇಗೆ ಕುಸಿಯುತ್ತದೆ ಎಂಬುದನ್ನು ಕಲಿಸಲು ಇಷ್ಟು ಅನುಕೂಲವಾದ ಜಾಗ ಕರ್ನಾಟಕದಲ್ಲಿ ಮತ್ತೊಂದಿಲ್ಲ.

ಹಳೆಯ ವ್ಯವಸ್ಥೆಯಲ್ಲಿ ಕಾಲೇಜು ಕೇಂದ್ರ ಮತ್ತು ರಾಜ್ಯಗಳ ಜಂಟಿ ಹೊಣೆಯಾಗಿತ್ತು. ಕಟ್ಟಡ ಮತ್ತು ಸಲಕರಣೆಗಳ ವೆಚ್ಚವನ್ನೂ ಸ್ನಾತಕೋತ್ತರ ಶಿಕ್ಷಣದ ಖರ್ಚನ್ನೂ ಕೇಂದ್ರ ವಹಿಸಿಕೊಂಡರೆ, ಪದವಿ ತರಗತಿಗಳ ವಾರ್ಷಿಕ ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಸಮನಾಗಿ ಹಂಚಿಕೊಳ್ಳುತ್ತಿದ್ದವು. ಅದಕ್ಕೆ ಸರಿಯಾಗಿ ಅರ್ಧ ಸೀಟು ಸ್ವಂತ ರಾಜ್ಯದವರಿಗೆ, ಉಳಿದರ್ಧ ಇತರ ರಾಜ್ಯಗಳವರಿಗೆ ಎಂಬ ನಿಯಮವಿತ್ತು. ರಾಜ್ಯದ ಅರ್ಧವನ್ನು ರಾಜ್ಯವೇ ತನ್ನ ಪರೀಕ್ಷೆ ಮತ್ತು ಮಾನದಂಡಗಳ ಮೂಲಕ ತುಂಬುತ್ತಿತ್ತು. ಸಿಇಟಿ ಬಂದ ಮೇಲೆ ಅದರ ಮೇಲ್ಪಂಕ್ತಿಯ ರ‍್ಯಾಂಕ್ ಪಡೆದವರು ಕೆಆರ್‌ಇಸಿಯನ್ನು ಆರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಬಿಹಾರ, ಕೇರಳ, ಉತ್ತರ ಪ್ರದೇಶದ ಹುಡುಗರ ಜೊತೆ ಪುತ್ತೂರು, ಶಿರಸಿ, ಗದಗಗಳ ಹುಡುಗರು ಒಂದೇ ಹಾಸ್ಟೆಲಿನಲ್ಲಿ ಬೆಳೆದರು. ಮುಂದೆ ಐಸಿಐಸಿಐ ಬ್ಯಾಂಕಿನ ಮುಖ್ಯಸ್ಥರಾಗಿ, ಬ್ರಿಕ್ಸ್ ದೇಶಗಳು ಸ್ಥಾಪಿಸಿದ ಹೊಸ ಅಭಿವೃದ್ಧಿ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿ ಹೆಸರಾದ ಕೆ. ವಿ. ಕಾಮತ್ ಇಲ್ಲಿ ಮೆಕ್ಯಾನಿಕಲ್ ಓದಿದವರು.

ಆದರೆ ಜಂಟಿ ಹೊಣೆ ಎಂಬುದು ಕಾಲಕ್ರಮದಲ್ಲಿ ಯಾರ ಹೊಣೆಯೂ ಅಲ್ಲ ಎಂಬ ಸ್ಥಿತಿಗೆ ಬಂದಿತ್ತು. ರಾಜ್ಯಗಳ ಪಾಲಿನ ಹಣ ಸಕಾಲಕ್ಕೆ ಬರುತ್ತಿರಲಿಲ್ಲ. ಪಠ್ಯಕ್ರಮದಲ್ಲಿ ಬದಲಾವಣೆ ಬೇಕಾದರೆ ನೂರಾರು ಕಲಾ ಮತ್ತು ವಾಣಿಜ್ಯ ಕಾಲೇಜುಗಳನ್ನು ನಡೆಸುವ ವಿಶ್ವವಿದ್ಯಾನಿಲಯದ ಸಮಿತಿಗಳನ್ನು ದಾಟಬೇಕಾಗಿತ್ತು. ಆರ್. ಎ. ಮಾಶೇಲ್ಕರ್ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ತೊಂಬತ್ತರ ದಶಕದ ಕೊನೆಯಲ್ಲಿ ಈ ಕಾಲೇಜುಗಳನ್ನು ಪರಿಶೀಲಿಸಿ, ಐಐಟಿಗಳ ಮಾದರಿಯ ಸ್ವಾಯತ್ತೆಯನ್ನು ಕೊಡಬೇಕೆಂದು ಶಿಫಾರಸು ಮಾಡಿತು. ಅದರಂತೆ 2002ರ ಜೂನ್‌ನಲ್ಲಿ ಕೆಆರ್‌ಇಸಿ ಎನ್‌ಐಟಿಕೆಯಾಗಿ, ಡೀಮ್ಡ್ ವಿಶ್ವವಿದ್ಯಾನಿಲಯವಾಗಿ ಮಾರ್ಪಟ್ಟಿತು. 2007ರ ಎನ್‌ಐಟಿ ಕಾಯ್ದೆ ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಎಂದು ಘೋಷಿಸಿತು. ಈ ಬದಲಾವಣೆ ಆಗಬಾರದಿತ್ತು ಎಂದು ನಾನು ಭಾವಿಸುವುದಿಲ್ಲ. ತನ್ನ ಪಠ್ಯವನ್ನು ತಾನೇ ರೂಪಿಸಿಕೊಳ್ಳುವ ಅಧಿಕಾರ, ಕೇಂದ್ರದಿಂದ ನೇರವಾಗಿ ಬರುವ ಅನುದಾನ, ವಿಶ್ವಬ್ಯಾಂಕ್ ನೆರವಿನ ಟೆಕ್ವಿಪ್ ಯೋಜನೆಯ ಹಣ, ಹೆಚ್ಚಿದ ಪಿಎಚ್‌ಡಿ ಸಂಶೋಧನೆ ಇವು ನಿಜವಾದ ಲಾಭಗಳು. 2010ರಲ್ಲಿ ಹೊಸದಾಗಿ ಆರಂಭವಾದ ಗೋವಾ ಎನ್‌ಐಟಿಯ ಮೊದಲ ತರಗತಿಗಳನ್ನು ತನ್ನ ಆವರಣದಲ್ಲೇ ನಡೆಸಿಕೊಡುವಷ್ಟು ಸಾಮರ್ಥ್ಯ ಸುರತ್ಕಲ್‌ಗೆ ಬಂದಿತ್ತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಎಂಜಿನಿಯರಿಂಗ್ ಪಟ್ಟಿಯಲ್ಲಿ 2022ರಲ್ಲಿ ಹತ್ತನೆಯ ಸ್ಥಾನದಲ್ಲಿದ್ದ ಸಂಸ್ಥೆ 2024ರ ಹೊತ್ತಿಗೆ ಹದಿನೇಳಕ್ಕೆ ಇಳಿದಿದೆ ಎಂಬುದು ಚಿಂತೆಯ ವಿಷಯವೇ ಆದರೂ, ಅಂಥ ಪಟ್ಟಿಗಳ ಏರಿಳಿತಕ್ಕಿಂತ ಹೆಚ್ಚು ಆಳವಾದ ಪ್ರಶ್ನೆ ಪ್ರವೇಶದ್ದು.

ಎನ್‌ಐಟಿಯಾದ ಮೇಲೂ ಅರ್ಧ ಸೀಟು ಸ್ವಂತ ರಾಜ್ಯಕ್ಕೆ ಎಂಬ ನಿಯಮ ಉಳಿಯಿತು; ಅದನ್ನು ಹೋಮ್ ಸ್ಟೇಟ್ ಕೋಟಾ ಎನ್ನುತ್ತಾರೆ. ಆದರೆ ಆ ಅರ್ಧವನ್ನು ತುಂಬುವ ಅಧಿಕಾರ ರಾಜ್ಯದ ಕೈಯಿಂದ ಹೋಯಿತು. ಮೊದಲು ಎಐಇಇಇ, 2013ರಿಂದ ಜೆಇಇ ಮೇನ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆಗಳು, 2015ರಿಂದ ಐಐಟಿ ಮತ್ತು ಎನ್‌ಐಟಿಗಳಿಗೆ ಒಟ್ಟಾಗಿ ನಡೆಯುವ ಜೋಸಾ ಕೌನ್ಸೆಲಿಂಗ್ ಈ ಹಂಚಿಕೆಯನ್ನು ನಿರ್ವಹಿಸುತ್ತವೆ. ಈ ವ್ಯವಸ್ಥೆಯಲ್ಲಿ ಅಭ್ಯರ್ಥಿ ಯಾವ ರಾಜ್ಯದವನು ಎಂದು ತೀರ್ಮಾನಿಸುವ ಅಳತೆಗೋಲು ಒಂದೇ: ಅವನು ಹನ್ನೆರಡನೆಯ ತರಗತಿಯನ್ನು ಎಲ್ಲಿ ಪಾಸು ಮಾಡಿದ ಎಂಬುದು. ಹುಟ್ಟಿದ ಊರು, ತಂದೆತಾಯಿಯ ವಾಸ, ಮಾತೃಭಾಷೆ, ಒಂದನೆಯ ತರಗತಿಯಿಂದ ಹತ್ತರವರೆಗೆ ಓದಿದ ಶಾಲೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಸಿಇಟಿಯ ನಿಯಮದ ಪಕ್ಕದಲ್ಲಿ ಇಟ್ಟು ನೋಡಬೇಕು. ಸಿಇಟಿಯ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಅನ್ವಯಿಸುವ ಅರ್ಹತೆಯೆಂದರೆ, ಅಭ್ಯರ್ಥಿ ಒಂದರಿಂದ ಹನ್ನೆರಡರವರೆಗಿನ ತರಗತಿಗಳಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದು ಅಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿಗೆ ಈ ಏಳು ವರ್ಷದ ಅರ್ಹತೆ ಇರುವುದಿಲ್ಲ. ಸುರತ್ಕಲ್‌ನಲ್ಲಿ ಮಾತ್ರ ಅವನು ಪೂರ್ಣ ಪ್ರಮಾಣದ ಕರ್ನಾಟಕದ ಅಭ್ಯರ್ಥಿ. ಇದಕ್ಕೆ ತಿರುವುಮುರುವಾಗಿ, ರಾಯಚೂರಿನಲ್ಲಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ, ಜೆಇಇ ತರಬೇತಿಗೆಂದು ಹೈದರಾಬಾದಿಗೋ ರಾಜಸ್ಥಾನದ ಕೋಟಾ ನಗರಕ್ಕೋ ಹೋಗಿ ಅಲ್ಲಿಯೇ ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿ ಸುರತ್ಕಲ್‌ನಲ್ಲಿ ಹೊರರಾಜ್ಯದವನಾಗುತ್ತಾನೆ. ತರಬೇತಿಗೆ ಊರು ಬಿಡದೆ ಗತ್ಯಂತರವಿಲ್ಲದ ಜಿಲ್ಲೆಗಳ ಮಕ್ಕಳಿಗೇ ಈ ನಿಯಮ ಹೆಚ್ಚು ಬಾಧಕವಾಗುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ತರಬೇತಿ ಕೇಂದ್ರಗಳಿರುವುದರಿಂದ ಅಲ್ಲಿನವರಿಗೆ ಈ ತೊಂದರೆಯೇ ಎದುರಾಗುವುದಿಲ್ಲ.

ಇನ್ನೂ ನೋವಿನ ಸಂಗತಿ ಕಾಸರಗೋಡಿನದು. ಮಂಜೇಶ್ವರದಿಂದ ಸುರತ್ಕಲ್‌ಗೆ ಐವತ್ತು ಕಿಲೋಮೀಟರೂ ಇಲ್ಲ. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮ ಶಾಲೆಗಳಿವೆ, ಆಸ್ಪತ್ರೆ, ಪೇಟೆ, ಮದುವೆ ಎಲ್ಲಕ್ಕೂ ಅಲ್ಲಿನ ಜನ ಮಂಗಳೂರಿಗೇ ಬರುತ್ತಾರೆ. ಈ ನಂಟನ್ನು ಗುರುತಿಸಿಯೇ ಕರ್ನಾಟಕ ಸರ್ಕಾರ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಕೊಟ್ಟಿದೆ. ಕಾಸರಗೋಡು, ಮಂಜೇಶ್ವರ, ಜತ್ತ, ಅಕ್ಕಲಕೋಟೆಯಂಥ ತಾಲ್ಲೂಕುಗಳ ಕನ್ನಡ, ತುಳು, ಕೊಡವ, ಬ್ಯಾರಿ ಮಾತೃಭಾಷೆಯ ಮಕ್ಕಳು ಅದರಡಿ ಅರ್ಜಿ ಹಾಕಬಹುದು. ಸುರತ್ಕಲ್‌ನಲ್ಲಿ ಅವರಿಗೆ ಅಂಥ ಬಾಗಿಲಿಲ್ಲ. ಅವರ ಸ್ವಂತ ಎನ್‌ಐಟಿ ಕೋಯಿಕ್ಕೋಡಿನದು.

ರಾಜ್ಯದ ಪಾಲಿನ ಒಳಗಿನ ಹಂಚಿಕೆಯೂ ಬದಲಾಗಿದೆ. ಸಿಇಟಿಯಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5ರಷ್ಟು ಅಡ್ಡ ಮೀಸಲಾತಿ, ಅಂದರೆ ಪ್ರತಿ ವರ್ಗದ ಸೀಟುಗಳ ಒಳಗೇ ಅನ್ವಯಿಸುವ ಮೀಸಲಾತಿ, ಇದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಇತರೆಡೆ ಶೇ. 8 ಸೀಟುಗಳು ಮೀಸಲಾಗಿವೆ. ಎನ್‌ಐಟಿಕೆ ಕೇಂದ್ರದ ಸಂಸ್ಥೆಯಾದ್ದರಿಂದ ಅಲ್ಲಿ ಅನ್ವಯಿಸುವುದು ಕೇಂದ್ರದ ಮೀಸಲಾತಿ ಮಾತ್ರ: ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರ ಹಿಂದುಳಿದ ವರ್ಗಗಳಿಗೆ ಶೇ. 27, ಆರ್ಥಿಕವಾಗಿ ದುರ್ಬಲರಿಗೆ ಶೇ. 10. ಹಿಂದುಳಿದ ವರ್ಗಗಳ ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ಗ್ರಾಮೀಣ, ಕನ್ನಡ ಮಾಧ್ಯಮ, ಹಿಂದುಳಿದ ಪ್ರದೇಶ ಎಂಬ ಮೂರು ಮಾನದಂಡಗಳಿಗೂ ಅಲ್ಲಿ ಸ್ಥಾನವಿಲ್ಲ. ಹೀಗೆ ಕರ್ನಾಟಕದ ಅರ್ಧ ಎಂಬ ಸಂಖ್ಯೆ ಹಾಗೆಯೇ ಉಳಿದಿದ್ದರೂ, ಕರ್ನಾಟಕವು ತನ್ನೊಳಗಿನ ಅಸಮಾನತೆಯನ್ನು ತಗ್ಗಿಸಲು ದಶಕಗಳಿಂದ ರೂಪಿಸಿಕೊಂಡ ಉಪಕರಣಗಳು ಆ ಅರ್ಧದೊಳಗೆ ಕೆಲಸ ಮಾಡುವುದಿಲ್ಲ. ಕೇಂದ್ರದ ಕ್ರಮಗಳಲ್ಲಿ ಫಲ ಕೊಡಬಲ್ಲ ಒಂದನ್ನು ಇಲ್ಲಿ ಹೇಳಲೇಬೇಕು: 2018ರಿಂದ ಹಂತಹಂತವಾಗಿ ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ ಅವರ ಪ್ರಮಾಣವನ್ನು ಕನಿಷ್ಠ ಶೇ. 20ಕ್ಕೆ ತರುವ ಗುರಿ. ಪ್ರವೇಶದ ನಿಯಮದಲ್ಲಿ ಮಾಡುವ ಒಂದು ಸಣ್ಣ ಬದಲಾವಣೆಯಿಂದ ತರಗತಿಯ ಸ್ವರೂಪವನ್ನೇ ಬದಲಿಸಲು ಹೊರಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಪರೀಕ್ಷೆಯ ಸ್ವರೂಪವೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಗಳಿಗೂ ಪ್ರವೇಶ ಪರೀಕ್ಷೆಗೂ ಸಮಾನ ತೂಕವಿದೆ. ತರಗತಿಯಲ್ಲಿ ಎರಡು ವರ್ಷ ಶ್ರದ್ಧೆಯಿಂದ ಓದಿದ್ದಕ್ಕೆ ಅಲ್ಲಿ ಬೆಲೆಯುಂಟು. ಜೆಇಇ ಮೇನ್‌ನಲ್ಲಿ 2013ರಿಂದ ಕೆಲವು ವರ್ಷ ಬೋರ್ಡ್ ಪರೀಕ್ಷೆಯ ಅಂಕಗಳಿಗೆ ಶೇ. 40 ತೂಕವಿತ್ತು, 2017ರಿಂದ ಅದನ್ನು ತೆಗೆದುಹಾಕಲಾಯಿತು. ಈಗ ಹನ್ನೆರಡನೆಯ ತರಗತಿಯ ಅಂಕ ಕನಿಷ್ಠ ಅರ್ಹತೆಗೆ ಮಾತ್ರ ಬೇಕು. ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊಂದಿಕೊಂಡಿರುವುದರಿಂದ ಪಾಠದ ವಿಷಯದಲ್ಲಿ ದೊಡ್ಡ ಅಂತರವಿಲ್ಲ. ಅಂತರ ಇರುವುದು ಅಭ್ಯಾಸದಲ್ಲಿ. ಜೆಇಇ ಕೇಳುವ ಬಗೆಯ ಲೆಕ್ಕಗಳನ್ನು ಬಿಡಿಸುವ ಅಭ್ಯಾಸ ಸರ್ಕಾರಿ ಪಿಯು ಕಾಲೇಜಿನ ದಿನಚರಿಯಲ್ಲಿ ಸೇರಿಲ್ಲ. ಹಣ ಕೊಟ್ಟು ಅದನ್ನು ಹೊರಗೆ ಪಡೆಯಬೇಕು. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತಿರುವುದು ಸ್ವಾಗತಾರ್ಹ. ಆದರೆ ಪಿಯು ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದುವ ವ್ಯವಸ್ಥೆ ಇರುವಾಗ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಆ ನಡುವಿನ ಎರಡು ವರ್ಷಗಳಲ್ಲಿ ನೆರವು ಸಿಗದಿದ್ದರೆ, ಕನ್ನಡದ ಪ್ರಶ್ನೆಪತ್ರಿಕೆಯಿಂದ ಅವರಿಗೆ ಆಗುವ ಉಪಯೋಗ ಅಲ್ಪ.

ಶುಲ್ಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2016ರಲ್ಲಿ ಎನ್‌ಐಟಿಗಳ ವಾರ್ಷಿಕ ಬೋಧನಾ ಶುಲ್ಕವನ್ನು 70,000 ರೂಪಾಯಿಯಿಂದ 1,25,000 ರೂಪಾಯಿಗೆ ಏರಿಸಲಾಯಿತು. ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ, ಹಾಗೆಯೇ ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಪೂರ್ಣ ವಿನಾಯಿತಿ, ಒಂದರಿಂದ ಐದು ಲಕ್ಷದೊಳಗಿನವರಿಗೆ ಮೂರನೆಯ ಎರಡು ಭಾಗದಷ್ಟು ವಿನಾಯಿತಿ ಇದೆ. ಇದು ಒಳ್ಳೆಯ ವ್ಯವಸ್ಥೆ. ಒಳಗೆ ಬಂದವರಿಗೆ ಶುಲ್ಕ ಅಷ್ಟೊಂದು ದೊಡ್ಡ ಅಡ್ಡಿಯಲ್ಲ. ಬಡ ಕುಟುಂಬದ ಮಕ್ಕಳನ್ನು ತಡೆಯುವುದು ಅದಕ್ಕೂ ಮೊದಲಿನ ತರಬೇತಿಯ ಖರ್ಚು, ಮತ್ತು ಅದಕ್ಕೆ ಯಾವ ವಿನಾಯಿತಿಯೂ ಇಲ್ಲ.

ಇನ್ನು ಪದವಿಗಳ ಕಡೆಗೆ ಬಂದರೆ, ಹಳೆಯ ಮೂರು ವಿಭಾಗಗಳ ಜೊತೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಕೆಮಿಕಲ್, ಲೋಹಶಾಸ್ತ್ರ, ಗಣಿ ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನ ಇವೆಲ್ಲ ಇದ್ದು, ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನದ ಬಿ.ಟೆಕ್ ಪದವಿಗಳು ಸೇರಿವೆ. ಎಂ.ಟೆಕ್, ಎಂಸಿಎ, ಎಂಬಿಎ, ಎಂ.ಎಸ್ಸಿ, ಪಿಎಚ್‌ಡಿಗಳೂ ಇವೆ. ಮಾರುಕಟ್ಟೆ ಕೇಳುವ ಹೊಸ ವಿಷಯಗಳನ್ನು ಸೇರಿಸಿದ್ದು ತಪ್ಪಲ್ಲ. ನನ್ನ ಆತಂಕ ಬೇರೆ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು, ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಗಣಿ ಅಥವಾ ಲೋಹಶಾಸ್ತ್ರ ಓದಿದವರೂ ಕೊನೆಗೆ ಸಾಫ್ಟ್‌ವೇರ್ ಕೆಲಸಕ್ಕೇ ಹೋಗುವ ಒಲವು ದೇಶದ ಎಲ್ಲ ತಾಂತ್ರಿಕ ಸಂಸ್ಥೆಗಳಲ್ಲೂ ಕಾಣುತ್ತದೆ. ಹೀಗಾದಾಗ ಆಯಾ ಪ್ರದೇಶದ ಸಮಸ್ಯೆಗಳನ್ನು ಅಭ್ಯಾಸ ಮಾಡುವ ವಿಭಾಗಗಳು ರ‍್ಯಾಂಕ್ ಕಡಿಮೆ ಬಂದವರು ಅನಿವಾರ್ಯವಾಗಿ ಸೇರುವ ವಿಭಾಗಗಳಾಗಿಬಿಡುತ್ತವೆ. ಉಳ್ಳಾಲದಿಂದ ಮರವಂತೆಯವರೆಗೆ ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತಕ್ಕೆ ಮನೆ, ತೆಂಗಿನ ತೋಟ, ರಸ್ತೆಗಳು ಹೋಗುತ್ತಿವೆ. ಕಲ್ಲು ಸುರಿಯುವ ತಾತ್ಕಾಲಿಕ ಕಾಮಗಾರಿಗೆ ವರ್ಷವರ್ಷವೂ ಹಣ ವ್ಯಯವಾಗುತ್ತಿದೆ. ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿತ ವಾಡಿಕೆಯಾಗಿದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಜನ ಸತ್ತರು. ಈ ಎರಡೂ ವಿಷಯಗಳಲ್ಲಿ ಪರಿಣತಿ ಇರುವ ಸಂಸ್ಥೆಯೊಂದು ಅದೇ ಹೆದ್ದಾರಿಯ ಮೇಲೆ ಇರುವಾಗ, ಅದರ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೂ ಜಿಲ್ಲಾಡಳಿತಗಳ ಕಾಮಗಾರಿಗಳಿಗೂ ನಿಯತವಾದ ಸಂಬಂಧ ಇರಬೇಕಾದದ್ದು ನ್ಯಾಯ. ಈ ನೆಲದಲ್ಲಿ ಬೆಳೆದ ಮಕ್ಕಳು ಆ ತರಗತಿಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿದ್ದರೆ ಆ ಸಂಬಂಧ ತಾನಾಗಿ ಬೆಳೆಯುವ ಸಾಧ್ಯತೆ ಹೆಚ್ಚು. ಪ್ರವೇಶದ ಪ್ರಶ್ನೆ ಪದವಿಗಳ ಪ್ರಶ್ನೆಯೂ ಆಗುವುದು ಹೀಗೆ.

ಹಾಗಾದರೆ ಆಗಬೇಕಾದದ್ದೇನು? 2002ಕ್ಕೆ ಹಿಂದಿರುಗುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಹೋಮ್ ಸ್ಟೇಟ್ ಕೋಟಾದ ಅರ್ಹತೆಯನ್ನು ಹನ್ನೆರಡನೆಯ ತರಗತಿ ಒಂದಕ್ಕೇ ಕಟ್ಟಿಹಾಕದೆ, ಶಾಲಾ ಶಿಕ್ಷಣದ ಇಂತಿಷ್ಟು ವರ್ಷಗಳನ್ನು ಆ ರಾಜ್ಯದಲ್ಲಿ ಓದಿರಬೇಕು ಎಂದು ಬದಲಾಯಿಸುವುದು ಕಷ್ಟವಾದ ಕೆಲಸವಲ್ಲ. ಅದು ಪ್ರತಿ ವರ್ಷ ಪ್ರಕಟವಾಗುವ ಜೋಸಾ ನಿಯಮಾವಳಿಯಲ್ಲಿ ಬರುವ ವಿಷಯ. ಎಲ್ಲ ರಾಜ್ಯಗಳಿಗೂ ಇದರಿಂದ ಅನುಕೂಲವೇ ಆಗುವುದರಿಂದ ಕರ್ನಾಟಕ ಒಂಟಿಯಾಗಿ ಹೋರಾಡಬೇಕಾಗಿಯೂ ಇಲ್ಲ. ಗಡಿನಾಡಿನ ಮಕ್ಕಳಿಗೆ ಎರಡು ರಾಜ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಕೊಡುವುದೂ ಇದೇ ಬದಲಾವಣೆಯ ಭಾಗವಾಗಬಹುದು. ಎನ್‌ಐಟಿಕೆಯ ಆಡಳಿತ ಮಂಡಳಿಗೆ ಸದಸ್ಯರನ್ನು ನಾಮನಿರ್ದೇಶನ ಮಾಡುವ ಅಧಿಕಾರವನ್ನು 2007ರ ಕಾಯ್ದೆ ರಾಜ್ಯ ಸರ್ಕಾರಕ್ಕೂ ಕೊಟ್ಟಿದೆ. ಆ ಸದಸ್ಯರ ಮೂಲಕ ಈ ಮಾತು ದಾಖಲೆಗೆ ಬರಬೇಕು, ಮತ್ತು ರಾಜ್ಯದ ಪಾಲಿನ ಸೀಟುಗಳಲ್ಲಿ ಎಷ್ಟು ಗ್ರಾಮೀಣ ಶಾಲೆಗಳಿಂದ, ಎಷ್ಟು ಸರ್ಕಾರಿ ಪಿಯು ಕಾಲೇಜುಗಳಿಂದ, ಎಷ್ಟು ಯಾವ ಯಾವ ಜಿಲ್ಲೆಗಳಿಂದ ಭರ್ತಿಯಾಗುತ್ತಿವೆ ಎಂಬ ವಿವರವನ್ನು ಸಂಸ್ಥೆ ಪ್ರತಿ ವರ್ಷ ಪ್ರಕಟಿಸುವಂತೆ ಅವರು ಕೇಳಬೇಕು.

ಉಳಿದ ಕೆಲಸ ರಾಜ್ಯ ಸರ್ಕಾರದ್ದೇ. ಜೆಇಇ ಮೇನ್‌ನ ಮೊದಲ ಹಂತ ಜನವರಿಯಲ್ಲಿ, ಎರಡನೆಯದು ಏಪ್ರಿಲ್‌ನಲ್ಲಿ ನಡೆಯುತ್ತದೆ. ಪ್ರತಿ ತಾಲ್ಲೂಕಿನಲ್ಲಿ ಕನಿಷ್ಠ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಪ್ರಥಮ ವರ್ಷದ ಜೂನ್‌ನಿಂದಲೇ ಜೆಇಇ ಮಟ್ಟದ ಲೆಕ್ಕಗಳ ತರಗತಿಯನ್ನು ವೇಳಾಪಟ್ಟಿಯೊಳಗೇ ಸೇರಿಸಿ, ಅದಕ್ಕೆ ತರಬೇತಾದ ಉಪನ್ಯಾಸಕರನ್ನು ನೇಮಿಸಿದರೆ, ಆ ತಾಲ್ಲೂಕಿನ ಮಕ್ಕಳು ಹನ್ನೆರಡನೆಯ ತರಗತಿಗಾಗಿ ರಾಜ್ಯ ಬಿಡಬೇಕಾಗುವುದಿಲ್ಲ, ಈಗಿನ ನಿಯಮ ಹಾಗೆಯೇ ಉಳಿದರೂ ಸುರತ್ಕಲ್‌ನಲ್ಲಿ ತಮ್ಮ ಪಾಲನ್ನು ಕಳೆದುಕೊಳ್ಳುವುದೂ ಇಲ್ಲ.